ಉಪ್ಪುಗಾಳಿಯಲ್ಲಿ ನಿಂತ ಪಾಂಬನ್ ಸೇತುವೆ

ಕಡಲ ಬದಿಯಲ್ಲಿ ಮನೆ ಕಟ್ಟಿದವರಿಗೆ ಕಬ್ಬಿಣದ ಆಯುಷ್ಯ ಎಷ್ಟೆಂದು ನಾನು ಹೇಳಿಕೊಡಬೇಕಾಗಿಲ್ಲ. ಉಪ್ಪಳ, ಮಂಜೇಶ್ವರ, ಉಳ್ಳಾಲದ ಕಡೆ ಹೊಸ ಗೇಟಿನ ಕೆಳಗಿನ ಅಂಚು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೆಂಪಾಗುತ್ತದೆ. ಹಾಗಾಗಿ "ಕಬ್ಬಿಣ ಬೇಡ, ಎಲ್ಲ ಕಾಂಕ್ರೀಟೇ ಇರಲಿ" ಎನ್ನುವವರು ನಮ್ಮಲ್ಲಿ ಜಾಸ್ತಿ. ಅವರಿಗೆ ನಾನು ಹೇಳುವುದು ತಮಿಳುನಾಡಿನ ಪಾಂಬನ್ ಸೇತುವೆಯ ಕಥೆ. ಸುತ್ತಲೂ ಉಪ್ಪುನೀರು ಇರುವ ಜಾಗದಲ್ಲಿ ಈ ಉಕ್ಕಿನ ಸೇತುವೆ 108 ವರ್ಷ ರೈಲು ಹೊತ್ತಿತು.

ರಾಮೇಶ್ವರ ದ್ವೀಪವನ್ನು ನೆಲಕ್ಕೆ ಸೇರಿಸಲು ಬ್ರಿಟಿಷರು ಇದನ್ನು ಕಟ್ಟಿದ್ದಕ್ಕೆ ದೊಡ್ಡ ಕಾರಣ ಸಿಲೋನ್ ವ್ಯಾಪಾರ. ಮದರಾಸಿನಿಂದ ಧನುಷ್ಕೋಡಿಯವರೆಗೆ ರೈಲು, ಅಲ್ಲಿಂದ ತಲೈಮನ್ನಾರಿಗೆ ಹಡಗು, ಮತ್ತೆ ಕೊಲಂಬೊಗೆ ರೈಲು. ಇದನ್ನೇ ಬೋಟ್ ಮೇಲ್ ಎನ್ನುತ್ತಿದ್ದರು. ನಮ್ಮ ಊರಲ್ಲೂ "ಕೊಲಂಬುಗೆ ಹೋಗಿದ್ದ" ಹಿರಿಯರ ಮಾತು ತಂದೆಯ ಅಂಗಡಿಯ ಬೆಂಚಿನಲ್ಲಿ ಆಗಾಗ ಬರುತ್ತಿತ್ತು. ಸೇತುವೆ ತೆರೆದದ್ದು 1914ರ ಫೆಬ್ರವರಿ 24ರಂದು. ಉದ್ದ ಸುಮಾರು 2 ಕಿಲೋಮೀಟರ್, ಅಂಕಣಗಳು ಸುಮಾರು 145. ಹೆಚ್ಚಿನವು 40 ಅಡಿಯವು. ಹಡಗು ದಾಟಲು ನಡುವೆ ಎರಡು ಕಡೆಗೆ ಎದ್ದು ತೆರೆಯುವ ಒಂದು ಅಂಕಣ. ಅಮೆರಿಕದ ಶೆರ್ಜರ್ ಎಂಬವರ ವಿಧಾನದ ಆ ಭಾಗವನ್ನು ಇಂಗ್ಲೆಂಡಿನ ಹೆಡ್ ರೈಟ್ಸನ್ ಕಂಪೆನಿ ತಯಾರಿಸಿತು. ತೂಗುಕುರ್ಚಿಯ ಕಾಲಿನಂತೆ ಬಾಗಿದ ಬುಡದ ಮೇಲೆ ಉರುಳಿ ಅದು ಹಿಂದಕ್ಕೆ ಬಾಗುತ್ತದೆ. ಮೋಟರ್ ಇಲ್ಲ, ಆಳುಗಳೇ ಲಿವರ್ ಹಿಡಿದು ತಿರುಗಿಸಬೇಕು. ಕೊನೆಯವರೆಗೂ ಹಾಗೆಯೇ ನಡೆಯಿತು.

1964ರ ಡಿಸೆಂಬರ್ 22ರ ರಾತ್ರಿ ಚಂಡಮಾರುತ ಬಂತು. ಧನುಷ್ಕೋಡಿ ಊರೇ ಅಳಿದುಹೋಯಿತು. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟಿದ್ದ ಪ್ಯಾಸೆಂಜರ್ ರೈಲನ್ನು ಅಲೆ ನುಂಗಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಜನರಲ್ಲಿ ಯಾರೂ ಉಳಿಯಲಿಲ್ಲ. (ರೈಲು ಸೇತುವೆಯಿಂದ ಬಿತ್ತು ಎಂದು ಕೆಲವರು ಹೇಳುತ್ತಾರೆ, ಅದು ಸರಿಯಲ್ಲ. ಅದು ಮುಳುಗಿದ್ದು ಸೇತುವೆಯ ಆಚೆ, ಧನುಷ್ಕೋಡಿಯ ಹತ್ತಿರ.) ಸೇತುವೆಯ ನೂರಕ್ಕೂ ಹೆಚ್ಚು ಗರ್ಡರ್‌ಗಳು ಕಡಲಿಗೆ ಬಿದ್ದವು. ಮೇಲೇಳುವ ಅಂಕಣ ಮಾತ್ರ ಅಲುಗಲಿಲ್ಲ.

ದುರಸ್ತಿಗೆ ರೈಲ್ವೆ ಕೊಟ್ಟ ಗಡುವು 6 ತಿಂಗಳು. ಅದನ್ನು ಮೇಲಧಿಕಾರಿ 3 ತಿಂಗಳಿಗೆ ಇಳಿಸಿದರು. ಕೆಲಸ ವಹಿಸಿಕೊಂಡ ಎಂಜಿನಿಯರ್ ಇ. ಶ್ರೀಧರನ್, ಆಗ 32 ವರ್ಷದವರು. ಮುಂದೆ ನಮ್ಮ ತೋಕೂರಿನವರೆಗೆ ಕೊಂಕಣ ರೈಲು ತಂದವರು ಇವರೇ. ಗರ್ಡರ್‌ಗಳು ಕಡಲ ತಳದಲ್ಲಿ ಇವೆ ಎಂಬ ಸುದ್ದಿ ತಂದದ್ದು ಮೀನುಗಾರರು. ಅವನ್ನು ಒಂದೊಂದಾಗಿ ಎತ್ತಿ, ಸರಿಮಾಡಿ, ಮತ್ತೆ ಅದೇ ಕಂಬಗಳ ಮೇಲೆ ಕೂರಿಸಿದರು. 46 ದಿನಗಳಲ್ಲಿ ಸೇತುವೆ ಸಿದ್ಧವಾಯಿತು.

ಶ್ರೀಧರನ್ ಅವರ ಜಾಣ್ಮೆಯನ್ನು ಎಲ್ಲರೂ ಹೊಗಳುತ್ತಾರೆ, ಹೊಗಳಲೇಬೇಕು. ಆದರೆ ಡಿಪ್ಲೊಮಾ ಓದಿದ ನನ್ನ ಕಣ್ಣು ಹೋಗುವುದು ಗರ್ಡರ್‌ನ ಅಳತೆಯ ಮೇಲೆ. 40 ಅಡಿಯ ಒಂದೊಂದು ತುಂಡು, ಒಂದೇ ಅಳತೆ, ಪ್ಲೇಟ್ ಮತ್ತು ಆಂಗಲ್ ಸೇರಿಸಿ ರಿವೆಟ್ ಹೊಡೆದದ್ದು. ಕ್ರೇನಿಗೆ ಎತ್ತಲು ಸಾಧ್ಯ. ಒಂದರ ಜಾಗಕ್ಕೆ ಇನ್ನೊಂದು ಕೂರುತ್ತದೆ. ಬಾಗಿದ್ದನ್ನು ನೇರ ಮಾಡಬಹುದು, ಕೆಟ್ಟ ಪ್ಲೇಟನ್ನು ಮಾತ್ರ ಕತ್ತರಿಸಿ ಬದಲಿಸಬಹುದು. ಎತ್ತರದಿಂದ ಬಿದ್ದು ಬಿರುಕು ಬಿಟ್ಟ ಕಾಂಕ್ರೀಟ್ ತೊಲೆಯನ್ನು ಹೀಗೆ ಎತ್ತಿ ಕೂರಿಸಲು ಆಗುತ್ತದಾ? ಹಾಗೆಂದು ಕಾಂಕ್ರೀಟನ್ನು ಹಳಿಯುವುದಲ್ಲ. ನೀರಿನಲ್ಲಿ ನಿಂತ ಕಂಬಗಳು ಉಕ್ಕಿನವಲ್ಲ, ಅವು ನಿಂತದ್ದರಿಂದಲೇ ಕೆಲಸ 46 ದಿನಕ್ಕೆ ಮುಗಿಯಿತು.

ಇನ್ನು ತುಕ್ಕು. ಕಬ್ಬಿಣಕ್ಕೆ ನೀರು ಮತ್ತು ಗಾಳಿ ಸಿಕ್ಕರೆ ತುಕ್ಕು ಹಿಡಿಯುತ್ತದೆ, ನೀರಿನಲ್ಲಿ ಉಪ್ಪಿದ್ದರೆ ಅದರ ವೇಗ ಹೆಚ್ಚುತ್ತದೆ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಪೇಂಟನ್ನು ಒಳಗಿನಿಂದ ಎಬ್ಬಿಸುತ್ತದೆ. ಎರಡು ಪ್ಲೇಟ್ ಕೂಡುವ ಸಂದಿಯಲ್ಲಿ ನೀರು ನಿಂತರೆ ಹೊರಗೆ ಏನೂ ಕಾಣುವುದಿಲ್ಲ, ಒಳಗೆ ತಿನ್ನುತ್ತಲೇ ಇರುತ್ತದೆ. ಪಾಂಬನ್‌ನಲ್ಲಿ ಇದಕ್ಕೆ ಮಾಡಿದ್ದು ಯಾವ ಮಾಯವೂ ಅಲ್ಲ: ಕೆರೆಯುವುದು, ಪೇಂಟ್ ಬಳಿಯುವುದು, ಸವೆದ ಭಾಗ ಬದಲಿಸುವುದು. ತಲೆಮಾರುಗಳ ಕಾಲ ಅದೇ ಕೆಲಸ. ನಮ್ಮ ಕಡೆ ಫ್ಯಾಬ್ರಿಕೇಶನ್ ಶೆಡ್‌ಗಳಲ್ಲಿ ನಡೆಯುವುದನ್ನು ನೋಡಿದರೆ ನನಗೆ ಬೇಸರ ಬರುತ್ತದೆ. ಗಲ್ಫಿನಲ್ಲಿ ಬೆವರು ಸುರಿಸಿ ಕಳಿಸಿದ ದುಡ್ಡಿನಲ್ಲಿ ಟೆರೇಸಿಗೆ ಶೀಟ್ ಹಾಕಿಸುತ್ತಾರೆ. ವೆಲ್ಡಿಂಗಿನ ಕರಿ ಕೆರೆಯದೆ, ಪೈಪಿನ ಬಾಯಿ ಮುಚ್ಚದೆ, ಮೇಲೆ ಒಂದು ಕೋಟ್ ರೆಡ್ ಆಕ್ಸೈಡ್ ಬಳಿದು ಕೊಟ್ಟುಬಿಡುತ್ತಾರೆ. ಕೊಡುವವರಿಗೂ ಅವಸರ, ತೆಗೆದುಕೊಳ್ಳುವವರಿಗೂ ಐದು ಸಾವಿರ ಉಳಿಸುವ ಆಸೆ. ಆಮೇಲೆ ಬೈಗುಳ ಮಾತ್ರ ಕಬ್ಬಿಣಕ್ಕೆ!

ಪಾಂಬನ್‌ನಲ್ಲೂ ಪೇಂಟಿಗೆ ಒಂದು ಮಿತಿ ಇತ್ತು. 2007ರಲ್ಲಿ ಮೀಟರ್ ಗೇಜಿನಿಂದ ಬ್ರಾಡ್ ಗೇಜಿಗೆ ಬದಲಾಯಿಸಿದಾಗಲೂ ಹಳೆಯ ಸೇತುವೆಯನ್ನೇ ಬಲಪಡಿಸಿ ಬಳಸಿದರು. ಕೊನೆಗೆ ಮೇಲೇಳುವ ಅಂಕಣವನ್ನು ತುಕ್ಕು ತಿಂದು, 2022ರ ಡಿಸೆಂಬರ್‌ನಲ್ಲಿ ರೈಲು ನಿಲ್ಲಿಸಬೇಕಾಯಿತು.

ಪಕ್ಕದಲ್ಲೇ ಕಟ್ಟಿದ ಹೊಸ ಸೇತುವೆ 2025ರ ಏಪ್ರಿಲ್ 6ರಂದು ತೆರೆಯಿತು. 72.5 ಮೀಟರ್ ಉದ್ದದ ಅಂಕಣ ಲಿಫ್ಟಿನಂತೆ ನೆಟ್ಟಗೆ ಮೇಲೇರುತ್ತದೆ. ರಿವೆಟ್ ಬದಲು ವೆಲ್ಡಿಂಗ್, ಕಂಬಿಗಳು ಸ್ಟೇನ್‌ಲೆಸ್ ಸ್ಟೀಲಿನವು, ಮೇಲೆ ಪಾಲಿಸಿಲೊಕ್ಸೇನ್ ಪೇಂಟ್. ಇಷ್ಟಿದ್ದರೂ, ತೆರೆಯುವ ಮೊದಲೇ, 2024ರ ನವೆಂಬರ್‌ನ ವರದಿಯಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರು ಅಲ್ಲಿ ತುಕ್ಕು ಶುರುವಾಗಿದೆ ಎಂದು ಬರೆದಿದ್ದರು.

ಹಳೆಯದನ್ನು ಕಳಚುವ ತೀರ್ಮಾನವಾಗಿದೆ. ನಮ್ಮಲ್ಲಿ ಗುಜರಿ ವ್ಯಾಪಾರ ಮಾಡುವವರಿಗೆ ಗೊತ್ತು, ಹಳೆಯ ಉಕ್ಕು ಕುಲುಮೆಗೆ ಹೋದರೆ ಮತ್ತೆ ಉಕ್ಕಾಗಿಯೇ ಬರುತ್ತದೆ. ಒಮ್ಮೆ ಕಡಲ ತಳದಿಂದ ಎದ್ದು ಬಂದ ಆ ಗರ್ಡರ್‌ಗಳ ಮುಂದಿನ ದಾರಿಯೂ ಅದೇ.