ಬಾಡಿಗೆ ಮನೆಯ ಸಣ್ಣ ಬಚ್ಚಲು: ಮಿತ ಖರ್ಚಿನಲ್ಲಿ ನವೀಕರಣ

ಹಾವೇರಿ ಜಿಲ್ಲೆಯ ಹಾನಗಲ್, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ಪಟ್ಟಣಗಳಲ್ಲಿ ಬಾಡಿಗೆಗೆ ದೊರೆಯುವ ಅನೇಕ ಮನೆಗಳು ಬಾಡಿಗೆಗೆಂದೇ ಕಟ್ಟಿದವಲ್ಲ. ಅಣ್ಣತಮ್ಮಂದಿರ ಪಾಲಿನಲ್ಲಿ ಹಂಚಿಹೋದ ದೊಡ್ಡ ಮನೆಯ ಒಂದು ಮಗ್ಗುಲು, ಹಿತ್ತಲಿನ ದನದ ಕೊಟ್ಟಿಗೆಯನ್ನು ತಿದ್ದಿ ಮಾಡಿದ ಎರಡು ಕೋಣೆ, ಅಂಗಡಿಯ ಮೇಲಿನ ಮಹಡಿ, ಹೀಗೆ ಅವು ರೂಪುಗೊಂಡಿವೆ. ಶಿಕ್ಷಕರು, ಬ್ಯಾಂಕ್ ಸಿಬ್ಬಂದಿ, ತಾಲ್ಲೂಕು ಕಚೇರಿ ಹಾಗೂ ಆಸ್ಪತ್ರೆಯ ನೌಕರರು ವರ್ಗವಾಗಿ ಬಂದು ಎರಡು ಮೂರು ವರ್ಷ ಇದ್ದು ಹೋಗುತ್ತಾರೆ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ಸ್ಥಾಪನೆಯಾದ ಬಳಿಕ ಆ ಭಾಗಕ್ಕೆ ಅಧ್ಯಾಪಕರು ಮತ್ತು ವಿದ್ಯಾರ್ಥಿಗಳೂ ಬಂದರು. ಮನೆ ನೋಡಲು ಬರುವವರು ಅಡುಗೆಮನೆಯ ನಂತರ ತೆರೆದು ನೋಡುವುದು ಬಚ್ಚಲ ಬಾಗಿಲನ್ನೇ. ಅಲ್ಲಿ ಮೂಗು ಮುಚ್ಚಿಕೊಳ್ಳಬೇಕಾದರೆ ಮಾತುಕತೆ ಅಲ್ಲಿಗೇ ಮುಗಿಯುತ್ತದೆ.

ಹಳೆಯ ಬಚ್ಚಲಿನ ರಚನೆ ಬೇರೆಯೇ ಆಗಿತ್ತು. ಒಲೆಯ ಮೇಲೆ ಕೂರಿಸಿದ ತಾಮ್ರದ ಹಂಡೆ, ಪಕ್ಕದಲ್ಲಿ ನೀರಿನ ತೊಟ್ಟಿ, ನಿಂತು ಮೀಯಲು ಒಂದು ಕಲ್ಲು, ಹೊರಹರಿದ ನೀರಿಗೆ ಹಿತ್ತಲಿನ ಬಾಳೆಗಿಡ. ಶೌಚಾಲಯ ಇದ್ದರೂ ಅದು ಮನೆಯಿಂದ ದೂರ ಇರುತ್ತಿತ್ತು. ಹಂಡೆ ಹೋಗಿ ಗೀಸರ್ ಬಂದಿದೆ, ಶೌಚಾಲಯ ಒಳಗೆ ಸೇರಿದೆ, ಹಿತ್ತಲು ಕಿರಿದಾಗಿದೆ. ಆದರೆ ನೆಲದ ಇಳಿಜಾರು, ಗೋಡೆ ಮತ್ತು ತಂತಿಗಳು ಹಲವೆಡೆ ಹಳೆಯವೇ. ತೊಂದರೆಗಳ ಮೂಲ ಇಲ್ಲಿದೆ. ಹಣ ಕಡಿಮೆಯಿದ್ದಾಗ ಅದನ್ನು ಮೊದಲು ಕಣ್ಣಿಗೆ ಕಾಣದ ಈ ಭಾಗಗಳಿಗೆ ಹಾಕಬೇಕು. ಹೊಳೆಯುವ ಟೈಲ್ಸ್ ಕೊನೆಯ ಮಾತು.

ಖರ್ಚು ಯಾರದು?

ಕೆಲಸಕ್ಕೆ ಮುನ್ನ ಇತ್ಯರ್ಥವಾಗಬೇಕಾದ ಪ್ರಶ್ನೆಯಿದು. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಂ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದರೆ, ಕೆಲವು ಸಂಗತಿಗಳನ್ನು ಸ್ಪಷ್ಟಪಡಿಸುತ್ತದೆ. ಮಾಲೀಕರು ಮಾಡಲೇಬೇಕಾದ ದುರಸ್ತಿಯನ್ನು ತಿಳಿಸಿದ ಮೇಲೂ ಸೂಕ್ತ ಕಾಲದಲ್ಲಿ ಮಾಡದಿದ್ದರೆ ಬಾಡಿಗೆದಾರರು ತಾವೇ ಮಾಡಿಸಿ ಆ ಮೊತ್ತವನ್ನು ಬಾಡಿಗೆಯಲ್ಲಿ ಕಳೆದುಕೊಳ್ಳಬಹುದು. ಬಾಡಿಗೆದಾರರು ತಾವು ಜೋಡಿಸಿದ ವಸ್ತುಗಳನ್ನು, ಮನೆ ಮೊದಲಿದ್ದ ಸ್ಥಿತಿಯಲ್ಲೇ ಉಳಿಯುವಂತೆ ನೋಡಿಕೊಂಡು, ಬಿಡುವ ಮೊದಲು ಬಿಚ್ಚಿ ಒಯ್ಯಬಹುದು. ಒಪ್ಪಿಗೆಯಿಲ್ಲದೆ ಶಾಶ್ವತ ಕಟ್ಟಡ ಕಟ್ಟುವಂತಿಲ್ಲ. ಆದರೆ ಸಣ್ಣ ಊರಿನಲ್ಲಿ ಕಾಯಿದೆಯ ಕಲಂ ಹಿಡಿದು ಜಗಳಕ್ಕೆ ನಿಲ್ಲುವವರು ವಿರಳ. 11 ತಿಂಗಳ ಕರಾರುಪತ್ರದಲ್ಲಿಯೇ ಎರಡು ಸಾಲು ಬರೆಯಿಸಿಕೊಂಡರೆ ಮುಂಗಡ ಹಣ ಮರಳಿಸುವ ದಿನದ ಕಹಿ ತಪ್ಪುತ್ತದೆ.

ನೆಲ, ಗೋಡೆ, ಕೊಳವೆ, ತಂತಿ ಮಾಲೀಕರ ಪಾಲಿಗೆ. ಗೀಸರ್, ಕನ್ನಡಿ, ಶವರ್, ಎಕ್ಸಾಸ್ಟ್ ಫ್ಯಾನ್ ಮೊದಲಾದ ಬಿಚ್ಚಿ ಒಯ್ಯಬಹುದಾದವು ಬಾಡಿಗೆದಾರರ ಪಾಲಿಗೆ ಎಂಬ ಹಂಚಿಕೆ ನ್ಯಾಯವಾದುದು. ಮಾಲೀಕರ ಲೆಕ್ಕವೂ ಸರಳ. ಉದಾಹರಣೆಗೆ 18,000 ರೂ. ಖರ್ಚು ಮಾಡಿ ಬಾಡಿಗೆಯನ್ನು ತಿಂಗಳಿಗೆ 500 ರೂ. ಏರಿಸಿದರೆ ಆ ಹಣ ಮರಳಲು 36 ತಿಂಗಳು ಬೇಕು. ಮನೆ ಎರಡು ತಿಂಗಳು ಖಾಲಿ ಬಿದ್ದರೆ ಆಗುವ ನಷ್ಟವನ್ನು ಇದರೊಡನೆ ತೂಗಿ ನೋಡಬೇಕು.

ನೆಲ ಮತ್ತು ಗೋಡೆ

ಮೊದಲು ಸೋರಿಕೆಯ ಪರೀಕ್ಷೆ. ನೀರು ಹೋಗುವ ಕಿಂಡಿಯನ್ನು ಬಟ್ಟೆಯಿಂದ ಬಿಗಿಯಾಗಿ ಮುಚ್ಚಿ, ನೆಲದ ಮೇಲೆ ಒಂದು ಅಂಗುಲ ನೀರು ನಿಲ್ಲಿಸಿ, ಗೋಡೆಯ ಮೇಲೆ ಪೆನ್ಸಿಲ್‌ನಿಂದ ಗುರುತು ಮಾಡಿ ರಾತ್ರಿಯಿಡೀ ಬಿಡಬೇಕು. 4 ಅಡಿ ಅಗಲ, 6 ಅಡಿ ಉದ್ದದ ಬಚ್ಚಲಿಗೆ ಸುಮಾರು ನಾಲ್ಕು ಬಕೆಟ್ ನೀರು ಸಾಕು. ಬೆಳಿಗ್ಗೆ ಮಟ್ಟ ಗಣನೀಯವಾಗಿ ಇಳಿದಿದ್ದರೆ ನೀರು ಗೋಡೆಯ ಬುಡಕ್ಕೋ ಕೆಳಗಿನ ಅಂಗಡಿಯ ಮಾಳಿಗೆಗೋ ಇಳಿಯುತ್ತಿದೆ ಎಂದರ್ಥ. ಎರೆಮಣ್ಣಿನ ಜಾಗದಲ್ಲಿ ಈ ಪರೀಕ್ಷೆ ಇನ್ನೂ ಅಗತ್ಯ. ಆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಯಲ್ಲಿ ಬಿರಿಯುವಾಗ ನೆಲವೂ ಕೊಳವೆಯ ಸಂದುಗಳೂ ಬಿಡುತ್ತವೆ.

ಇಳಿಜಾರು 6 ಅಡಿಗೆ ಸುಮಾರು ಒಂದು ಅಂಗುಲ ಇದ್ದರೆ ನೀರು ನಿಲ್ಲುವುದಿಲ್ಲ. ಗಾರೆಯವರು ಇದನ್ನು ಕಣ್ಣಂದಾಜಿನಲ್ಲಿ ಮಾಡಲು ಬಿಡದೆ, ಟೈಲ್ಸ್ ಕೂರಿಸುವ ಮೊದಲೇ ಒಂದು ತಂಬಿಗೆ ನೀರು ಸುರಿದು ತೋರಿಸಲು ಹೇಳುವುದು ಒಳ್ಳೆಯದು. ಕಿಂಡಿಯ ಕೆಳಗೆ ನೀರು ತಡೆದು ನಿಲ್ಲುವ ಟ್ರ್ಯಾಪ್ ಇರಲೇಬೇಕು. ಚರಂಡಿಯ ದುರ್ವಾಸನೆ ಮತ್ತು ಜಿರಲೆ ಒಳಗೆ ಬಾರದಂತೆ ತಡೆಯುವುದು ಅದರಲ್ಲಿ ನಿಂತ ಎರಡು ಅಂಗುಲ ನೀರು. ಹಳೆಯ ಬಚ್ಚಲಿನಲ್ಲಿ ಬರೀ ರಂಧ್ರವಿರುತ್ತದೆ. ಫಿನಾಯಿಲ್ ಎಷ್ಟು ಸುರಿದರೂ ನಾತ ಹೋಗದಿರಲು ಕಾರಣ ಇಷ್ಟೇ.

ಟೈಲ್ಸ್ ಲೆಕ್ಕದಲ್ಲಿ ಉಳಿತಾಯಕ್ಕೆ ಅವಕಾಶ ಬಹಳ. ಮೇಲೆ ಹೇಳಿದ ಅಳತೆಯ ಬಚ್ಚಲಿನ ನೆಲ 24 ಚದರ ಅಡಿ. ನಾಲ್ಕೂ ಗೋಡೆಗೆ 7 ಅಡಿ ಎತ್ತರದವರೆಗೆ ಹಾಕಿದರೆ ಬಾಗಿಲು ಕಳೆದು ಇನ್ನೂ ಸುಮಾರು 124 ಚದರ ಅಡಿ ಬೇಕು. ನೀರು ಸಿಡಿಯುವ ಎರಡೇ ಗೋಡೆಗೆ 4 ಅಡಿವರೆಗೆ ಹಾಕಿದರೆ 40 ಚದರ ಅಡಿ ಸಾಕು. ಒಟ್ಟು 148ರ ಬದಲು 64, ಅರ್ಧಕ್ಕಿಂತಲೂ ಕಡಿಮೆ. ತುಂಡಾಗುವುದಕ್ಕೆಂದು ಶೇ 10ರಷ್ಟು ಹೆಚ್ಚು ಕೊಂಡರೆ ಆಯಿತು. ನೆಲಕ್ಕೆ ಮಾತ್ರ ಒರಟು ಮೈಯದನ್ನೇ ಆರಿಸಬೇಕು. ಶಹಾಬಾದ್ ಕಲ್ಲು ಹಾಸಿದ ನೆಲ ಗಟ್ಟಿಯಿದ್ದರೆ ಅದನ್ನು ಕೀಳುವ ಅಗತ್ಯವೇ ಇಲ್ಲ. ಸಂದುಗಳನ್ನು ಕೆತ್ತಿ ಹೊಸದಾಗಿ ತುಂಬಿದರೆ ಮತ್ತೆ ಹತ್ತು ವರ್ಷ ಬಾಳುತ್ತದೆ. ಹಳೆಯ ಟೈಲ್ಸ್ ಮೇಲೆಯೇ ಅಂಟಿನಿಂದ ಹೊಸದನ್ನು ಕೂರಿಸುವುದೂ ಅಗ್ಗ, ಆದರೆ ನೆಲ ಸುಮಾರು ಅರ್ಧ ಅಂಗುಲ ಏರುತ್ತದೆ. ಬಾಗಿಲಿನ ಕೆಳಭಾಗ ತಗಲುತ್ತದೆಯೇ, ಹೊಸ್ತಿಲ ಕಟ್ಟೆ ಸಾಕಾಗುತ್ತದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಮಣ್ಣಿನ ಗೋಡೆಯ ಮನೆಗಳಲ್ಲಿ ನೇರವಾಗಿ ಟೈಲ್ಸ್ ಅಂಟಿಸಿದರೆ ಎರಡು ಮಳೆಗಾಲದಲ್ಲಿ ಹಲಗೆಯಂತೆ ಕಳಚಿ ಬೀಳುತ್ತದೆ. ಜಾಲರಿ ಬಡಿದು, ಸಿಮೆಂಟ್ ಗಿಲಾವು ಮಾಡಿ, ನಂತರ ಕೂರಿಸಬೇಕು. ಮಲೆನಾಡಿನ ಸೆರಗಿನಲ್ಲಿರುವ ಹಾನಗಲ್ ಕಡೆ ಗೋಡೆಯ ತೇವ ಬೇಗ ಆರುವುದಿಲ್ಲ. ಅಂಥಲ್ಲಿ ಮೇಲ್ಭಾಗಕ್ಕೆ ಆಯಿಲ್ ಪೇಂಟ್ ಬಳಿದರೆ ಒಳಗಿನ ತೇವ ಹೊರಬರಲಾಗದೆ ಹಪ್ಪಳದಂತೆ ಏಳುತ್ತದೆ. ಹಳೆಯ ಸುಣ್ಣವೇ ವಾಸಿ. ಖರ್ಚೂ ಕಡಿಮೆ, ಬೂಷ್ಟೂ ಕಡಿಮೆ. ಬುಡ ಕೊಳೆತ ಮರದ ಬಾಗಿಲಿಗೆ ಕೆಳಗಿನ ಒಂದು ಅಡಿಗೆ ಅಲ್ಯೂಮಿನಿಯಂ ತಗಡು ಹೊಡೆಯಬಹುದು, ಇಲ್ಲವೇ ಪಿವಿಸಿ ಬಾಗಿಲು ಕೂರಿಸಬಹುದು.

ಕೊಳವೆಬಾವಿಯ ಗಡಸು ನೀರಿನಿಂದ ನಳ, ಬಕೆಟ್ ಮತ್ತು ಟೈಲ್ಸ್ ಮೇಲೆ ಕಟ್ಟುವ ಬಿಳಿ ಪದರಕ್ಕೆ ವಿನೆಗರ್ ಅಥವಾ ಲಿಂಬೆರಸ ಹಚ್ಚಿ ಅರ್ಧ ತಾಸು ಬಿಟ್ಟು ತಿಕ್ಕಿದರೆ ಸಾಕು. ಬಾಟಲಿಯ ಆ್ಯಸಿಡ್ ಕಲೆಯೊಡನೆ ಸಂದಿನ ಸಿಮೆಂಟನ್ನೂ ತಿನ್ನುತ್ತದೆ. ಆ್ಯಸಿಡ್ ಮತ್ತು ಬ್ಲೀಚಿಂಗ್ ಪುಡಿಯನ್ನು ಒಟ್ಟಿಗೆ ಬಳಸಲೇಬಾರದು. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಡುತ್ತದೆ, ಕಿರಿದಾದ ಬಚ್ಚಲಿನಲ್ಲಿ ಅದು ಪುಪ್ಪುಸಕ್ಕೇ ಅಪಾಯ.

ಬಿಸಿನೀರು

ಇಲ್ಲಿ ಉಳಿತಾಯದ ಮಾತು ಎಚ್ಚರದಿಂದ ಆಡಬೇಕು. 2 ಕಿಲೋವ್ಯಾಟ್‌ನ 15 ಲೀಟರ್ ಗೀಸರ್ ಒಮ್ಮೆ ಪೂರ್ತಿ ಕಾಯಲು ಸುಮಾರು 0.6 ಯೂನಿಟ್ ಬೇಕು. ಅದನ್ನು ತಣ್ಣೀರಿನೊಡನೆ ಬೆರೆಸಿದರೆ ಎರಡು ಬಕೆಟ್ ಹದವಾದ ನೀರು. ನಾಲ್ವರು ದಿನವೂ ಹೀಗೆ ಮಿಂದರೆ ತಿಂಗಳಿಗೆ 72 ಯೂನಿಟ್. 2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ಬಳಕೆ 200 ಯೂನಿಟ್ ಮೀರಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಹೊಸ ಗೀಸರ್ ತಂದವರು ಈ ಲೆಕ್ಕವನ್ನೂ ಹಾಕಬೇಕಾಗುತ್ತದೆ.

ಅದಕ್ಕಿಂತ ಮುಖ್ಯವಾದುದು ತಂತಿ. ದೀಪಕ್ಕೆಂದು ಎಳೆದ ಹಳೆಯ ತೆಳು ತಂತಿಗೆ ಗೀಸರ್ ಜೋಡಿಸುವಂತಿಲ್ಲ. 2 ಕಿಲೋವ್ಯಾಟ್‌ಗೆ ಕನಿಷ್ಠ 2.5 ಚದರ ಮಿ.ಮೀ., 3 ಕಿಲೋವ್ಯಾಟ್‌ನ ಇನ್‌ಸ್ಟಂಟ್ ಗೀಸರ್‌ಗೆ 4 ಚದರ ಮಿ.ಮೀ. ತಾಮ್ರದ ತಂತಿ, 16 ಆಂಪಿಯರ್ ಸಾಕೆಟ್ ಮತ್ತು ಸರಿಯಾದ ಅರ್ಥಿಂಗ್ ಬೇಕು. ಸೋರಿಕೆ ವಿದ್ಯುತ್ತನ್ನು ತಕ್ಷಣ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸುವುದು ಮಾಲೀಕರ ಹೊಣೆಯಾಗಬೇಕು. ಕನ್ನಡಿಗೂ ಬಣ್ಣಕ್ಕೂ ಹಣ ಕೊಟ್ಟು ಇದನ್ನು ಬಿಡುವುದು ಜಾಣತನವಲ್ಲ. ಬಕೆಟ್‌ಗೆ ಇಳಿಬಿಡುವ ಹೀಟರ್ ಬಳಸುವವರು ಸ್ವಿಚ್ ಆರಿಸಿ, ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಗ್ಯಾಸ್ ಗೀಸರ್ ಅಗ್ಗವೆಂದು ಸಣ್ಣ ಬಚ್ಚಲಿನ ಒಳಗೇ ತೂಗುಹಾಕುವ ರೂಢಿ ಅತ್ಯಂತ ಅಪಾಯಕಾರಿ. ಕಿಟಕಿ ಮುಚ್ಚಿದಾಗ ಆಮ್ಲಜನಕ ಕಡಿಮೆಯಾಗಿ ಕಾರ್ಬನ್ ಮೊನಾಕ್ಸೈಡ್ ಉಂಟಾಗುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೀಯುತ್ತಿದ್ದವರು ಕೂಗುವ ಮೊದಲೇ ಪ್ರಜ್ಞೆ ತಪ್ಪುತ್ತಾರೆ. ಗೀಸರ್ ಮತ್ತು ಸಿಲಿಂಡರ್ ಎರಡೂ ಹೊರಗೋಡೆಯ ಬದಿಯಲ್ಲಿದ್ದು ಬಿಸಿನೀರಿನ ಕೊಳವೆ ಮಾತ್ರ ಒಳಬರಬೇಕು. ಹೊರಗೆ ಜಾಗವಿಲ್ಲದಿದ್ದರೆ ಆ ಯೋಚನೆಯನ್ನೇ ಬಿಡಬೇಕು. ಯಾವ ಗೀಸರ್ ಇದ್ದರೂ ಬೆಳಕಿಂಡಿ ಮುಚ್ಚಬಾರದು.

ಶೌಚಗುಂಡಿ

ಒಳಚರಂಡಿ ಜಾಲ ತಲುಪದ ಬಡಾವಣೆಗಳಲ್ಲಿ ಬಚ್ಚಲಿಗೇ ಶೌಚಾಲಯ ಸೇರಿಸುವಾಗ ಸ್ನಾನದ ನೀರನ್ನೂ ಅದೇ ಗುಂಡಿಗೆ ಬಿಡುವುದುಂಟು. ಒಂದು ಕೊಳವೆಯ ಖರ್ಚು ಉಳಿಯುತ್ತದೆ, ಆದರೆ ಗುಂಡಿ ಬೇಗ ತುಂಬುತ್ತದೆ. ಸ್ನಾನದ ನೀರಿಗೆ ಪ್ರತ್ಯೇಕ ಇಂಗುಗುಂಡಿಯೋ ಹಿತ್ತಲ ಗಿಡಗಳ ಪಾತಿಯೋ ಇರಬೇಕು. ಮೊಣಕಾಲು ನೋವಿನ ಹಿರಿಯರಿದ್ದರೆ ಕಮೋಡ್‌ಗಾಗಿ ನೆಲ ಒಡೆಯುವ ಬದಲು ಭಾರತೀಯ ಪದ್ಧತಿಯ ಪ್ಯಾನ್ ಮೇಲೆ ಇಡುವ ಕಮೋಡ್ ಸ್ಟೂಲ್ ಸಾಕು. ಮನೆ ಬದಲಿಸುವಾಗ ಜೊತೆಗೇ ಒಯ್ಯಬಹುದು.

ತುಂಬಿದ ಗುಂಡಿಯ ಪ್ರಶ್ನೆ ಈ ಪ್ರದೇಶದಲ್ಲಿ ಬರೀ ಕೊಳವೆಯ ಪ್ರಶ್ನೆಯಲ್ಲ. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ತಮ್ಮನ್ನು ವಾಸದ ಜಾಗದಿಂದ ಒಕ್ಕಲೆಬ್ಬಿಸುವ ಯತ್ನವನ್ನು ವಿರೋಧಿಸಿ ಪುರಸಭೆಯ ಎದುರು ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದ್ದರು. ಊರಿನ ಶೌಚಗುಂಡಿಗಳನ್ನು ತಲೆಮಾರುಗಳಿಂದ ಶುಚಿಗೊಳಿಸಿದವರು ಯಾರೆಂಬುದು ಅಂದು ರಾಜ್ಯಕ್ಕೆಲ್ಲ ತಿಳಿಯಿತು. 2013ರ ಕಾಯಿದೆಯ ಪ್ರಕಾರ ಸುರಕ್ಷಾ ಸಾಧನಗಳಿಲ್ಲದೆ ಶೌಚಗುಂಡಿ ಸ್ವಚ್ಛಗೊಳಿಸಲು ಯಾರನ್ನೂ ನೇಮಿಸುವಂತಿಲ್ಲ. ಈ ನಿಷೇಧ ಮನೆ ಮಾಲೀಕರಿಗೂ ಅನ್ವಯಿಸುತ್ತದೆ. ಮೊದಲ ತಪ್ಪಿಗೆ ಎರಡು ವರ್ಷದವರೆಗೆ ಜೈಲು, ಎರಡು ಲಕ್ಷ ರೂ.ವರೆಗೆ ದಂಡ, ಅಥವಾ ಎರಡೂ. ಗುಂಡಿಯ ಅನಿಲಕ್ಕೆ ಬಲಿಯಾದವರ ಕುಟುಂಬಕ್ಕೆ ನೀಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 10 ಲಕ್ಷದಿಂದ 30 ಲಕ್ಷ ರೂ.ಗೆ ಏರಿಸಿತು. ಆದ್ದರಿಂದ ನವೀಕರಣದ ವೇಳೆ ಗುಂಡಿಯ ಮುಚ್ಚಳ ಗಾರೆಯಡಿ ಹೂತುಹೋಗದಂತೆ, ಹೀರುವ ಯಂತ್ರದ ಕೊಳವೆ ಬೀದಿಯಿಂದ ಅಲ್ಲಿಗೆ ತಲುಪುವಂತೆ ಜಾಗ ಬಿಡಿಸಬೇಕು. ಮುಚ್ಚಳ ಎಲ್ಲಿದೆ ಎಂಬುದನ್ನು ಬಾಡಿಗೆದಾರರಿಗೆ ತೋರಿಸಿಡಬೇಕು. ಇದಕ್ಕೆ ಖರ್ಚೇನೂ ಇಲ್ಲ.

ಕೆಲಸಕ್ಕೆ ಫೆಬ್ರುವರಿಯಿಂದ ಮೇವರೆಗಿನ ಅವಧಿ ಅನುಕೂಲ, ಗೋಡೆ ಒಣಗಿರುತ್ತದೆ. ಆದರೆ ಸಿಮೆಂಟಿಗೆ ಒಂದು ವಾರ ನೀರುಣಿಸಬೇಕಾದುದರಿಂದ ಬೇಸಿಗೆಯ ನೀರಿನ ಕೊರತೆಯನ್ನೂ ಗಮನದಲ್ಲಿಡಬೇಕು. ಶಿಕ್ಷಕರ ಕುಟುಂಬಗಳು ಬೇಸಿಗೆ ರಜೆಗೆ ಊರಿಗೆ ಹೋಗುವ ದಿನಗಳನ್ನು ಮೊದಲೇ ಕೇಳಿ ಗಾರೆಯವರನ್ನು ಗೊತ್ತುಮಾಡಿದರೆ, ಮೀಯಲು ಪಕ್ಕದ ಮನೆಯವರನ್ನು ಕೇಳುವ ಮುಜುಗರ ಯಾರಿಗೂ ಇರುವುದಿಲ್ಲ.