ಡೆಲ್ಟಾ ಅಲೆಗೆ ಕಿವಿಗೊಟ್ಟವರು

ಫೋನಿನಲ್ಲಿ ‘ಡೆಲ್ಟಾ ಸಂಗೀತ’ ಎಂದು ಹುಡುಕಿದರೆ ಎಂಟೆಂಟು ಗಂಟೆಯ ಧ್ವನಿಮುದ್ರಿಕೆಗಳು ಸಾಲುಗಟ್ಟುತ್ತವೆ. ಕೇಳುತ್ತ ಮಲಗಿದರೆ ಗಾಢನಿದ್ದೆ ಖಚಿತವೆಂಬ ಭರವಸೆ ಬೇರೆ. ಆ ಭರವಸೆಯ ಬೇರು ಹುಡುಕುತ್ತ ಹೊರಟ ನಾನು ಬಹಳ ಹಿಂದಕ್ಕೆ ಹೋಗಬೇಕಾಯಿತು.

ಜರ್ಮನಿಯ ಯೇನಾದ ಮನೋವೈದ್ಯ ಹಾನ್ಸ್ ಬರ್ಗರ್ ಮನುಷ್ಯನ ಮಿದುಳಿನ ವಿದ್ಯುತ್ ಅಲೆಗಳನ್ನು ಮೊದಲು ದಾಖಲಿಸಿದ್ದು 1924ರಲ್ಲಿ. ಅದನ್ನು ಪ್ರಕಟಿಸಲು ಅವರು ಐದು ವರ್ಷ ತೆಗೆದುಕೊಂಡರು. 1936ರಲ್ಲಿ ಇಂಗ್ಲೆಂಡಿನ ಗ್ರೇ ವಾಲ್ಟರ್ ಅತಿ ನಿಧಾನದ ಅಲೆಗಳಿಗೆ ಡೆಲ್ಟಾ ಎಂದು ಹೆಸರಿಟ್ಟರು. ಅವರು ಅವನ್ನು ಗುರುತಿಸಿದ್ದು ಮಿದುಳಿನಲ್ಲಿ ಗಡ್ಡೆಯಿದ್ದ ರೋಗಿಗಳಲ್ಲಿ. ಎಚ್ಚರದಲ್ಲಿ ರೋಗ ಸೂಚಿಸುವ ಇಂಥ ಅಲೆ ಗಾಢನಿದ್ದೆಯಲ್ಲಿ ಎಲ್ಲರಲ್ಲೂ ಸಹಜ. ಅದೇ ದಶಕದಲ್ಲಿ ಅಮೆರಿಕದ ಸಿರಿವಂತ ಆಲ್ಫ್ರೆಡ್ ಲೂಮಿಸ್ ತಮ್ಮ ಖಾಸಗಿ ಪ್ರಯೋಗಾಲಯದಲ್ಲಿ ಜನರನ್ನು ಮಲಗಿಸಿ ನಿದ್ದೆಯ ಹಂತಗಳನ್ನು ವಿಂಗಡಿಸಿದರು. ಸಣ್ಣ ಸದ್ದೊಂದು ಮಲಗಿದವರನ್ನು ಎಬ್ಬಿಸದೆಯೇ ಮಿದುಳಿನಲ್ಲಿ ದೊಡ್ಡ ಅಲೆ ಎಬ್ಬಿಸುವುದನ್ನೂ ಅಲ್ಲಿ ಕಂಡರು.

ಆದರೆ ಡೆಲ್ಟಾದ ವೇಗ ಸೆಕೆಂಡಿಗೆ ನಾಲ್ಕಕ್ಕಿಂತ ಕಡಿಮೆ. ನಮ್ಮ ಕಿವಿಗೆ ಸ್ವರವಾಗಿ ಕೇಳಲು ಸುಮಾರು 20 ಕಂಪನವಾದರೂ ಬೇಕು. ಇಲ್ಲಿ ನೆರವಿಗೆ ಬಂದದ್ದು ಹಳೆಯದೊಂದು ಶೋಧ. ಒಂದು ಕಿವಿಗೆ 200, ಇನ್ನೊಂದಕ್ಕೆ 203 ಕಂಪನದ ಸ್ವರ ಕೇಳಿಸಿದರೆ ಸೆಕೆಂಡಿಗೆ ಮೂರು ಮಿಡಿತ ಕೇಳಿದಂತಾಗುತ್ತದೆ. ಇಂಥ ಮಿಡಿತವನ್ನು ಜರ್ಮನಿಯ ಹೈನ್‌ರಿಚ್ ಡೋವ 19ನೆಯ ಶತಮಾನದಲ್ಲೇ ಗಮನಿಸಿದ್ದರು. 1973ರಲ್ಲಿ ಜೆರಾಲ್ಡ್ ಆಸ್ಟರ್ ‘ಸೈಂಟಿಫಿಕ್ ಅಮೆರಿಕನ್’ನಲ್ಲಿ ಬರೆದ ಲೇಖನ ಅದನ್ನು ಮತ್ತೆ ಚರ್ಚೆಗೆ ತಂದಿತು. ಮಿಡಿತ ಕೇಳಿಸಿದ ಮಾತ್ರಕ್ಕೆ ಮಿದುಳು ಅದೇ ತಾಳಕ್ಕೆ ಕುಣಿಯಬೇಕೆಂದಿಲ್ಲ. ಮಾರುಕಟ್ಟೆ ಮರೆಮಾಡಿದ್ದು ಈ ಅಂತರವನ್ನೇ.

ಧ್ಯಾನದ ದಾರಿ ಬೇರೆ. 1970ರ ಸುಮಾರಿಗೆ ಅಮೆರಿಕದ ಟೊಪೆಕಾದಲ್ಲಿ ಸ್ವಾಮಿ ರಾಮ ಡೆಲ್ಟಾ ಅಲೆಗಳನ್ನು ತೋರುತ್ತಲೇ ಸುತ್ತಲಿನ ಮಾತನ್ನು ಗ್ರಹಿಸಿದ್ದರೆಂದು ಅಲ್ಲಿನ ಸಂಶೋಧಕರು ಬರೆದಿದ್ದಾರೆ. ಒಬ್ಬರ ಸಾಧನೆ ಎಲ್ಲರ ಸೂತ್ರವಾಗದು. ನನಗೆ ಹೆಚ್ಚು ತೂಕದ್ದೆನಿಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಅಧ್ಯಯನ. ವಯಸ್ಸಾದಂತೆ ಗಾಢನಿದ್ದೆ ಕುಗ್ಗುತ್ತದಷ್ಟೆ. ದೀರ್ಘಕಾಲದ ವಿಪಶ್ಯನ ಸಾಧಕರಲ್ಲಿ ಅದು ಹೆಚ್ಚು ಉಳಿದಿರುವುದನ್ನು ಅಲ್ಲಿ ಕಂಡರು. ಇದು ಒಂದು ರಾತ್ರಿಯ ಫಲವಲ್ಲ, ವರ್ಷಗಳ ಅಭ್ಯಾಸದೊಡನೆ ಕಂಡದ್ದು.

ಸದ್ದಿಗೆ ಶಕ್ತಿಯೇ ಇಲ್ಲವೆ? ಇದೆ. 2013ರಲ್ಲಿ ಜರ್ಮನಿಯ ಸಂಶೋಧಕರು ಹನ್ನೊಂದು ಮಂದಿಯ ಮಿದುಳಿನ ಅಲೆಯನ್ನು ಗಮನಿಸುತ್ತ, ಅದು ಮೇಲೇರುವ ಕ್ಷಣಕ್ಕೆ ಸರಿಯಾಗಿ ಚುಟುಕು ಸದ್ದು ಕೇಳಿಸಿದರು. ನಿಧಾನದ ಅಲೆಗಳು ಬಲಗೊಂಡವು. ಹಿಂದಿನ ಸಂಜೆ ಕಲಿತ ಪದಗಳ ನೆನಪೂ ಸುಧಾರಿಸಿತು. ಕ್ಷಣ ತಪ್ಪಿಸಿ ಅದೇ ಸದ್ದು ಕೇಳಿಸಿದಾಗ ಆ ಲಾಭ ಸಿಗಲಿಲ್ಲ.

ಹಾಗಾಗಿ ಡೆಲ್ಟಾ ಸಂಗೀತ ಕೇಳಿಯೂ ನಿದ್ದೆ ಬಾರದವರು ತಮ್ಮಲ್ಲೇ ದೋಷವಿದೆಯೆಂದು ಕೊರಗಬೇಕಿಲ್ಲ. ಆ ಪ್ರಯೋಗಾಲಯದ ಸದ್ದು ಮೊದಲು ಮಿದುಳಿಗೆ ಕಿವಿಗೊಟ್ಟು, ಆಮೇಲೆ ದನಿ ಸೇರಿಸಿತು. ಫೋನಿನ ಧ್ವನಿಮುದ್ರಿಕೆ ಯಾರ ಮಿದುಳನ್ನೂ ಕೇಳಿಸಿಕೊಳ್ಳುವುದಿಲ್ಲ.