ಸ್ಪಾನಿಷ್ ಭಾಷೆಯ ಸಂಭಾವನಾರ್ಥಕ ಭೂತರೂಪಗಳ ಮೂಲವಿಚಾರ

ಇಚ್ಛೆ, ಸಂದೇಹ, ಭಯ, ನಡೆಯದ ಕಾರ್ಯದ ಕಲ್ಪನೆ ಇವುಗಳನ್ನು ಭೂತಕಾಲದ ಸಂದರ್ಭದಲ್ಲಿ ಹೇಳುವಾಗ ಸ್ಪಾನಿಷ್ ಭಾಷೆಯ ಕ್ರಿಯಾಪದವು ವಿಶೇಷರೂಪವನ್ನು ತಾಳುವುದು. ಇದಕ್ಕೆ ಸಂಭಾವನಾರ್ಥದ ಅಪೂರ್ಣಭೂತವೆಂದು ಹೆಸರು. ಈ ಒಂದೇ ಸ್ಥಾನಕ್ಕೆ ಆ ಭಾಷೆಯಲ್ಲಿ ಎರಡು ರೂಪಾವಳಿಗಳಿವೆ. ‘ಪ್ರೀತಿಸು’ ಎಂಬರ್ಥದ ‘ಅಮಾರ್’ ಎಂಬ ಕ್ರಿಯೆಗೆ ಉತ್ತಮ, ಮಧ್ಯಮ, ಪ್ರಥಮಪುರುಷಗಳಲ್ಲಿ ಏಕವಚನಕ್ಕೆ ಅಮಾರ, ಅಮಾರಸ್, ಅಮಾರ ಎಂದೂ ಬಹುವಚನಕ್ಕೆ ಅಮಾರಮೋಸ್, ಅಮಾರೈಸ್, ಅಮಾರನ್ ಎಂದೂ ರೂಪಗಳಾಗುವುವು. ರಕಾರದ ಬದಲು ಸಕಾರವುಳ್ಳ ಅಮಾಸೆ, ಅಮಾಸೆಸ್ ಮೊದಲಾದುವು ಎರಡನೆಯ ವರ್ಗ.

ಇವುಗಳನ್ನು ಸಾಧಿಸಲು ಪಾಠಶಾಲೆಗಳಲ್ಲಿ ಸುಲಭವಾದ ವಿಧಿಯೊಂದಿದೆ. ‘ಅವರು ಪ್ರೀತಿಸಿದರು’ ಎಂಬ ‘ಅಮಾರೋನ್’ ಪದದ ಕೊನೆಯ ‘ರೋನ್’ ಎಂಬುದನ್ನು ಲೋಪಮಾಡಿ ‘ರ’ ಅಥವಾ ‘ಸೆ’ ಸೇರಿಸುವುದು. ‘ತಿಂದರು’ ಎಂಬ ‘ಕೋಮಿಯೇರೋನ್’ ಪದದಿಂದ ಕೋಮಿಯೇರ, ಕೋಮಿಯೇಸೆ ಎಂಬುವು ಹೀಗೆಯೇ ಸಿದ್ಧಿಸುವುವು. ನಡೆಯದುದನ್ನು ಹೇಳುವ ರೂಪಕ್ಕೆ ನಡೆದುದನ್ನು ಹೇಳುವ ರೂಪವು ಪ್ರಕೃತಿಯಾದುದೇಕೆ ಎಂಬುದೇ ಇಲ್ಲಿ ವಿಚಾರಾರ್ಹವಾದ ಪ್ರಶ್ನೆ.

ಲ್ಯಾಟಿನ್ ಭಾಷೆಯಲ್ಲಿ ಇದೇ ಅರ್ಥಕ್ಕೆ ‘ಅಮಾರೆಂ’ ಎಂಬ ರೂಪವಿತ್ತು. ‘ಅಮಾರ’ ಎಂಬುದು ಅದರಿಂದಲೇ ಹುಟ್ಟಿತೆಂದು ಮೇಲ್ನೋಟಕ್ಕೆ ತೋರುವುದು. ಆದರೆ ಈ ಪಕ್ಷವು ನಿಲ್ಲದು. ಮೊದಲನೆಯದಾಗಿ, ಲ್ಯಾಟಿನ್ನಿನ ಅಂತ್ಯ ಎಕಾರವು ಸ್ಪಾನಿಷಿನಲ್ಲಿ ಅಕಾರವಾಗುವ ಕ್ರಮವಿಲ್ಲ. ಎರಡನೆಯದಾಗಿ, ‘ಹೇಳು’ ಎಂಬರ್ಥದ ಕ್ರಿಯೆಗೆ ಲ್ಯಾಟಿನ್ನಿನಲ್ಲಿ ‘ದೀಕೆರೆಂ’ ಎಂಬುದು ವರ್ತಮಾನದ ಅಂಗದಿಂದಲೂ ‘ದೀಕ್ಸೆರಂ’ ಎಂಬುದು ಭೂತದ ಅಂಗದಿಂದಲೂ ಸಾಧಿತವಾದುವು. ಸ್ಪಾನಿಷಿನ ‘ದಿಖೇರ’ ಎಂಬುದು ಎರಡನೆಯದನ್ನೇ ಅನುಸರಿಸಿದೆ. ಆದುದರಿಂದ ರಕಾರರೂಪದ ಮೂಲವು ‘ಅಮಾವೆರಂ’, ಸಂಕ್ಷೇಪವಾಗಿ ‘ಅಮಾರಂ’, ಎಂಬ ನಿಶ್ಚಯಾರ್ಥದ ಪೂರ್ವಭೂತ. ‘ಪ್ರೀತಿಸಿದ್ದೆನು’ ಎಂದು ಅದರ ಅರ್ಥ. ಸಕಾರರೂಪದ ಮೂಲವು ಸಂಭಾವನಾರ್ಥದ ಪೂರ್ವಭೂತವಾದ ‘ಅಮಾವಿಸ್ಸೆಂ’ ಎಂಬುದು. ಎರಡಕ್ಕೂ ಭೂತದ ಅಂಗವೇ ಆಧಾರವಾದುದರಿಂದ ಪಾಠಶಾಲೆಯ ವಿಧಿಯು ಇಂದಿಗೂ ಸಲ್ಲುತ್ತಿದೆ.

ಸಾಹಿತ್ಯವೂ ಇದಕ್ಕೆ ಸಾಕ್ಷಿ. ಕ್ರಿ. ಶ. ೧೨೦೦ರ ಸುಮಾರಿನ ಸಿದ್ ವೀರನ ಕಾವ್ಯದಲ್ಲಿ ರಕಾರರೂಪವು ‘ಮಾಡಿದ್ದನು’ ಎಂಬ ನಿಶ್ಚಯಾರ್ಥದಲ್ಲಿ ದೊರೆಯುವುದು. ಸೋದರಭಾಷೆಯಾದ ಪೋರ್ಚುಗೀಸಿನ ಗ್ರಂಥಸ್ಥ ಶೈಲಿಯಲ್ಲಿ ಈಗಲೂ ಅದೇ ಅರ್ಥವಿದೆ.

ಅರ್ಥವು ಬದಲಾದ ದಾರಿ ಇದು. ‘ಹೀಗಾಗದಿದ್ದರೆ ನಾವು ಗೆದ್ದಿದ್ದೆವು’ ಎಂಬಂತಹ ಮಾತಿನಲ್ಲಿ ಲ್ಯಾಟಿನ್ ಲೇಖಕರು ಫಲವಾಕ್ಯಕ್ಕೆ ಬಲ ಬರಲೆಂದು ಕೆಲವೊಮ್ಮೆ ನಿಶ್ಚಯರೂಪವನ್ನೇ ಬಳಸಿದರು. ಸ್ಪಾನಿಷಿನಲ್ಲಿ ಈ ಬಳಕೆ ಬೆಳೆದು, ರಕಾರರೂಪವು ಮೊದಲು ಫಲವಾಕ್ಯದಲ್ಲಿ ನೆಲೆಗೊಂಡಿತು. ತರುವಾಯ ‘ಆದರೆ’ ಎಂಬ ನಿಬಂಧನವಾಕ್ಯಕ್ಕೂ ಹಬ್ಬಿ ಸಕಾರರೂಪದ ಸ್ಥಾನವನ್ನು ಹಂಚಿಕೊಂಡಿತು. ಇಂದು ಅಮೆರಿಕಾಖಂಡದ ಸ್ಪಾನಿಷ್ ಮಾತಿನಲ್ಲಿ ರಕಾರಕ್ಕೇ ಪ್ರಾಬಲ್ಯ. ಲೇಖಕರು ಹಳೆಯ ನಿಶ್ಚಯಾರ್ಥವನ್ನು ಮತ್ತೆ ರೂಢಿಗೆ ತಂದಾಗ ಆಂದ್ರೇಸ್ ಬೇಲ್ಯೋ ಎಂಬ ವೈಯಾಕರಣನು ೧೮೪೭ರ ತನ್ನ ವ್ಯಾಕರಣದಲ್ಲಿ ಅದನ್ನು ಒಪ್ಪಲಿಲ್ಲ. ಆದರೂ ಬರವಣಿಗೆಯಲ್ಲಿ ಆ ಪ್ರಯೋಗವು ಅಳಿಯಲಿಲ್ಲ.

ಅಸತ್ಯಕ್ಕೆ ಭೂತರೂಪವು ವಾಹನವಾಗುವುದು ಆ ಒಂದೇ ಭಾಷೆಯ ವೈಚಿತ್ರ್ಯವಲ್ಲ. ಸಂಸ್ಕೃತದ ‘ಅಭವಿಷ್ಯತ್’ ಎಂಬ ಕ್ರಿಯಾತಿಪತ್ತಿಯ ಲೃಙ್ ರೂಪದಲ್ಲಿ ಭೂತಸೂಚಕವಾದ ಅಡಾಗಮವಿದೆ. ಕನ್ನಡದ ‘ಬಂದರೆ’ ಎಂಬುದು ಮುಂದಿನ ಕಾರ್ಯವನ್ನು ಹೇಳುವಾಗಲೂ ‘ಬಂದ್’ ಎಂಬ ಭೂತಾಂಗದಿಂದಲೇ ಆಗಿದೆ. ಈ ಭಾಷೆಗಳು ಪರಸ್ಪರ ನೋಡಿ ಇದನ್ನು ಕಲಿತುವಲ್ಲ. ಮುಗಿದುದು ವಕ್ತೃವಿನ ಕೈಗೆ ದೂರ. ಆಗದುದೂ ಹಾಗೆಯೇ ದೂರ. ಈ ಸಾಮ್ಯವೇ ಪ್ರಯೋಗಕ್ಕೆ ಹೇತುವೆನ್ನಬಹುದು. ಆದುದರಿಂದ ರೂಪಸಾದೃಶ್ಯಮಾತ್ರದಿಂದ ಮೂಲವನ್ನು ನಿರ್ಣಯಿಸದೆ, ಧ್ವನಿ, ಅಂಗ, ಪ್ರಾಚೀನಪ್ರಯೋಗ ಈ ಮೂರನ್ನೂ ಪರೀಕ್ಷಿಸುವುದು ಶಬ್ದಶಾಸ್ತ್ರಜ್ಞರಿಗೆ ಉಚಿತವಾದ ಮಾರ್ಗ.